ಪಾಲಿಎಥಿಲೀನ್ ಗ್ಲೈಕಾಲ್ ಎಂದರೆ ಕೆಮ್ಮಿನ ಸಿರಪ್‌ನಲ್ಲಿ ಸಿಕ್ಕಿದ ಅದೇ ವಿಷವೇ? ಹೆಸರಿನ ಪಕ್ಕದ 3350 ಎಂಬ ಸಂಖ್ಯೆ ಏನು ಹೇಳುತ್ತದೆ

‘ಮಲಬದ್ಧತೆಗೆ ಮಕ್ಕಳಿಗೆ ಕೊಡುವ ಪುಡಿಯ ಪ್ಯಾಕೆಟ್ ಹಿಂದೆ ಓದಿ. ಅದರಲ್ಲಿರುವುದು ಗ್ಲೈಕಾಲ್. ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತದ್ದು ಇದೇ ಗ್ಲೈಕಾಲ್‌ನಿಂದ. ಕಾರಿನ ರೇಡಿಯೇಟರ್‌ಗೆ ಹಾಕುವುದೂ ಇದೇ. ಕೂಡಲೇ ನಿಲ್ಲಿಸಿ, ಎಲ್ಲ ತಾಯಂದಿರಿಗೂ ಕಳುಹಿಸಿ.’

ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವದರಲ್ಲಿ ಪುಡಿಯ ಫೋಟೋ, ಕೆಲವದರಲ್ಲಿ ಕೂಲಂಟ್ ಡಬ್ಬಿಯ ಫೋಟೋ, ಎರಡರ ಮೇಲೂ ಕೆಂಪು ವೃತ್ತ. ಟೂತ್‌ಪೇಸ್ಟ್, ಕ್ರೀಮ್, ಮಾತ್ರೆ, ಲಸಿಕೆ ಹೀಗೆ ವಸ್ತು ಬದಲಾಗುತ್ತಿರುತ್ತದೆ; ವಾದ ಮಾತ್ರ ಒಂದೇ. ಎರಡರ ಹೆಸರಿನಲ್ಲೂ ‘ಗ್ಲೈಕಾಲ್’ ಇದೆ, ಆದ್ದರಿಂದ ಎರಡೂ ಒಂದೇ.

ಇದನ್ನು ನಕ್ಕು ಬಿಡುವ ಹಾಗಿಲ್ಲ. ಏಕೆಂದರೆ ಇದರ ಅರ್ಧ ಭಾಗ ನಿಜ. ಗ್ಲೈಕಾಲ್ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತದ್ದು ನಿಜ, ಅದೂ ನಮ್ಮ ದೇಶದಲ್ಲೇ, ಒಂದಕ್ಕಿಂತ ಹೆಚ್ಚು ಸಲ. ಹೆದರಿದ ತಾಯಿಯನ್ನು ತಪ್ಪು ಎನ್ನಲಾಗದು. ಆದರೆ ಹೆದರಿಕೆಯಿಂದ ಮಗುವಿನ ಔಷಧಿ ನಿಲ್ಲಿಸಿದರೆ, ಅಥವಾ ಕೊಲೊನೋಸ್ಕೋಪಿಗೆ ಮೊದಲು ಕುಡಿಯಬೇಕಾದ ದ್ರಾವಣವನ್ನು ಸಿಂಕ್‌ಗೆ ಸುರಿದರೆ ತೊಂದರೆ ಆಗುವುದು ಅದೇ ಮನೆಯವರಿಗೆ. ಹಾಗಾಗಿ ವ್ಯತ್ಯಾಸ ಎಲ್ಲಿದೆ ಎಂದು ಲೆಕ್ಕ ಹಾಕಿಯೇ ನೋಡೋಣ. ಬೇಕಾದ ಗಣಿತ ಕೂಡುವುದು, ಕಳೆಯುವುದು, ಭಾಗಿಸುವುದು ಮಾತ್ರ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಮೊದಲು ನಿಜವಾಗಿ ನಡೆದದ್ದು

ಮಕ್ಕಳನ್ನು ಕೊಂದ ವಸ್ತುವಿನ ಹೆಸರು ಡೈಎಥಿಲೀನ್ ಗ್ಲೈಕಾಲ್. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಔಷಧಿಯನ್ನು ಇದರಲ್ಲಿ ಕರಗಿಸಿ ಮಾರಿದ್ದರು; 100ಕ್ಕೂ ಹೆಚ್ಚು ಜನ ಸತ್ತರು. ಮಾರಾಟಕ್ಕೆ ಮೊದಲು ಔಷಧಿ ಸುರಕ್ಷಿತ ಎಂದು ತೋರಿಸಬೇಕು ಎನ್ನುವ ಕಾನೂನು ಅಲ್ಲಿ ಮರುವರ್ಷ, 1938ರಲ್ಲಿ, ಬಂದದ್ದು ಈ ದುರಂತದಿಂದ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್‌ನಲ್ಲಿ ಇದು ಬೆರೆತು 14 ರೋಗಿಗಳು ಸತ್ತರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನ ಬೆನ್ನಲ್ಲೇ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅವರು ಕುಡಿದಿದ್ದ ಸಿರಪ್‌ನ ಒಂದು ಬ್ಯಾಚ್‌ನಲ್ಲಿ 48.6% ಡೈಎಥಿಲೀನ್ ಗ್ಲೈಕಾಲ್ ಇದೆ ಎಂದು ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ವರದಿ ಕೊಟ್ಟಿತು. ಒಪ್ಪುವ ಮಿತಿ 0.1%.

ಬಾಟಲಿಯ ಅರ್ಧದಷ್ಟು ವಿಷ ಎಂದರೆ ಅದನ್ನು ‘ಸ್ವಲ್ಪ ಕಲಬೆರಕೆ’ ಎನ್ನುವಂತಿಲ್ಲ.

ಸಿರಪ್‌ಗೆ ಇದು ಹೇಗೆ ಬರುತ್ತದೆ? ಔಷಧಿಯ ಸಾರ ನೀರಿನಲ್ಲಿ ಸುಲಭವಾಗಿ ಕರಗದಿದ್ದಾಗ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್‌ನಂಥ ಸಿಹಿ ದ್ರವಗಳನ್ನು ಬಳಸುತ್ತಾರೆ. ಡೈಎಥಿಲೀನ್ ಗ್ಲೈಕಾಲ್ ಕೂಡ ಸಿಹಿ, ಬಣ್ಣವಿಲ್ಲದ, ಗಟ್ಟಿ ಎಣ್ಣೆಯಂಥ ದ್ರವ. ಬೆಲೆ ಕಡಿಮೆ. ಕಾರ್ಖಾನೆಗಳ ಬಳಕೆಗೆಂದು ಬಂದ ಡ್ರಮ್‌ನ ಮಾಲು ಪರೀಕ್ಷೆ ಇಲ್ಲದೆ ಔಷಧಿಗೆ ಸೇರಿದರೆ ಕಣ್ಣಿಗಾಗಲಿ ನಾಲಗೆಗಾಗಲಿ ಗೊತ್ತಾಗುವುದಿಲ್ಲ.

ಇಲ್ಲಿ ಇನ್ನೊಂದು ಹೆಸರಿನ ಗೊಂದಲವನ್ನೂ ಬಿಡಿಸಿಬಿಡೋಣ. ಪ್ರೊಪಿಲೀನ್ ಗ್ಲೈಕಾಲ್ ಬೇರೆ, ಪಾಲಿಎಥಿಲೀನ್ ಗ್ಲೈಕಾಲ್ ಬೇರೆ. ಮಲಬದ್ಧತೆಯ ಪುಡಿಯಲ್ಲಿ ಇರುವುದು ಎರಡನೆಯದು. ವೈದ್ಯರು ಇದನ್ನು ಚುಟುಕಾಗಿ ‘ಪೆಗ್’ ಎನ್ನುತ್ತಾರೆ (ಬಾರ್‌ನ ಪೆಗ್‌ಗೂ ಇದಕ್ಕೂ ಸಂಬಂಧವಿಲ್ಲ). ನಾವೂ ಇನ್ನು ಮುಂದೆ ಪೆಗ್ ಎಂದೇ ಬರೆಯುತ್ತೇವೆ.

ಒಂದು ಹೂವು, ಎರಡು ಹೂವು, ಒಂದು ಮಾಲೆ

‘ಪಾಲಿ’ ಎಂದರೆ ಹಲವು. ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ತುಣುಕುಗಳು ಒಂದಕ್ಕೊಂದು ಕೊಂಡಿಯಾಗಿ ಸೇರಿ ಆದ ಉದ್ದದ ಸರಪಳಿ. ಮಲ್ಲಿಗೆ ಮಾಲೆಯನ್ನೇ ನೆನಪಿಸಿಕೊಳ್ಳಿ. ಹೂವು ಒಂದೇ, ದಾರ ಒಂದೇ. ಒಂದು ಮೊಳದಲ್ಲಿ ಎಷ್ಟು ಹೂವು ಕಟ್ಟಿದ್ದಾರೆ ಎನ್ನುವ ಎಣಿಕೆ ಇದೆಯಲ್ಲ, ಸರಪಳಿಯ ವಿಷಯದಲ್ಲಿ ಆ ಎಣಿಕೆಯ ಹೆಸರೇ ‘ಡಿಗ್ರಿ ಆಫ್ ಪಾಲಿಮರೈಸೇಶನ್’. ಒಂದು ಸರಪಳಿಯಲ್ಲಿ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಸಂಖ್ಯೆ, ಅಷ್ಟೆ. ನಾವು ಇದನ್ನು ಕೊಂಡಿಗಳ ಸಂಖ್ಯೆ ಎಂದು ಕರೆಯೋಣ.

ಪೆಗ್‌ನಲ್ಲಿ ಮರುಕಳಿಸುವ ತುಣುಕು ಯಾವುದು? ಎರಡು ಇಂಗಾಲ, ನಾಲ್ಕು ಜಲಜನಕ, ಒಂದು ಆಮ್ಲಜನಕ. ಇಂಗಾಲದ ತೂಕ 12, ಜಲಜನಕದ್ದು 1, ಆಮ್ಲಜನಕದ್ದು 16. ಹಾಗಾಗಿ 24 + 4 + 16 = 44. ಒಂದು ಹೂವಿನ ತೂಕ 44 ಎಂದುಕೊಳ್ಳಿ.

ಮಾಲೆಯ ಎರಡು ತುದಿಯಲ್ಲೂ ದಾರದ ತುಣುಕು ಉಳಿಯುತ್ತದೆ. ಪೆಗ್ ಸರಪಳಿಯ ಒಂದು ತುದಿಯಲ್ಲಿ ಒಂದು ಜಲಜನಕ, ಇನ್ನೊಂದು ತುದಿಯಲ್ಲಿ ಆಮ್ಲಜನಕ ಮತ್ತು ಜಲಜನಕದ ಜೋಡಿ. ಎರಡೂ ಸೇರಿದರೆ 1 + 16 + 1 = 18. ಅಂದರೆ ಒಂದು ನೀರಿನ ಅಣುವಿನಷ್ಟು ತೂಕ.

ಈಗ ಲೆಕ್ಕ ಹಾಕಿ.

ಒಂದೇ ಹೂವು ಕಟ್ಟಿದರೆ 44 + 18 = 62. ಇದು ಎಥಿಲೀನ್ ಗ್ಲೈಕಾಲ್, ಕಾರಿನ ಕೂಲಂಟ್‌ನಲ್ಲಿ ಇರುವ ವಿಷ.

ಎರಡು ಹೂವು ಕಟ್ಟಿದರೆ 88 + 18 = 106. ಇದು ಡೈಎಥಿಲೀನ್ ಗ್ಲೈಕಾಲ್, ಸಿರಪ್‌ನಲ್ಲಿ ಸಿಕ್ಕಿದ ವಿಷ. ‘ಡೈ’ ಎಂದರೆ ಎರಡು ಎಂದಷ್ಟೇ ಅರ್ಥ. ಸಾಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನ ಆ ಪದವನ್ನೇ ಹಿಡಿದು ‘ಹೆಸರಿನಲ್ಲೇ ಸಾವು ಇದೆ’ ಎಂದು ಬರೆದವರನ್ನೂ ನಾವು ನೋಡಿದ್ದೇವೆ.

ಇನ್ನು ಪುಡಿಯ ಪ್ಯಾಕೆಟ್. ಅದರ ಮೇಲೆ ಬರೀ ಪಾಲಿಎಥಿಲೀನ್ ಗ್ಲೈಕಾಲ್ ಎಂದಿರುವುದಿಲ್ಲ, ಪಕ್ಕದಲ್ಲಿ ಸಾಮಾನ್ಯವಾಗಿ 3350 ಅಥವಾ 4000 ಎಂಬ ಸಂಖ್ಯೆ ಇರುತ್ತದೆ. ಅದು ಬ್ಯಾಚ್ ನಂಬರ್ ಅಲ್ಲ, ಮಿಲಿಗ್ರಾಂ ಲೆಕ್ಕವೂ ಅಲ್ಲ. ಸರಪಳಿಯ ಸರಾಸರಿ ಅಣುತೂಕ. ಅಂದರೆ ಮಾಲೆಯ ಒಟ್ಟು ತೂಕವನ್ನು ನಮಗೆ ಕೊಟ್ಟಿದ್ದಾರೆ, ಹೂವು ಎಷ್ಟು ಎಂದು ನಾವೇ ಕಂಡುಹಿಡಿಯಬಹುದು. ಮೊದಲು ತುದಿಗಳ ತೂಕ ಕಳೆಯಿರಿ, ಉಳಿದದ್ದನ್ನು ಒಂದು ಹೂವಿನ ತೂಕದಿಂದ ಭಾಗಿಸಿ.

(3350 − 18) ÷ 44 = 75.7

ಸುಮಾರು 76 ಕೊಂಡಿಗಳು. 4000 ಎಂದಿದ್ದರೆ (4000 − 18) ÷ 44, ಅಂದರೆ 90.5. ಕೆಲವು ಮಾತ್ರೆಗಳ ಮೇಲ್ಪದರದಲ್ಲಿ 6000ದ ಪೆಗ್ ಇರುತ್ತದೆ, ಅದರಲ್ಲಿ 136. ಕ್ರೀಮ್, ಮುಲಾಮುಗಳಲ್ಲಿ ಬಳಸುವ ಪೆಗ್ 400ರಲ್ಲಿ (400 − 18) ÷ 44 = 8.7.

ಫಾರ್ವರ್ಡ್ ‘ಒಂದೇ’ ಎನ್ನುವುದು 2 ಕೊಂಡಿಯ ವಸ್ತುವನ್ನೂ 76 ಕೊಂಡಿಯ ವಸ್ತುವನ್ನೂ.

ದೊಡ್ಡ ಸರಪಳಿಗಳಲ್ಲಿ ತುದಿಯ 18 ಅನ್ನು ಕಳೆಯದೆ ನೇರವಾಗಿ ಭಾಗಿಸಿದರೂ ಹೆಚ್ಚು ವ್ಯತ್ಯಾಸವಾಗದು: 3350 ÷ 44 = 76.1. ಪಠ್ಯಪುಸ್ತಕಗಳಲ್ಲಿ ಹಾಗೆ ಮಾಡುವುದೇ ರೂಢಿ. ಪಾಲಿಥೀನ್ ಕವರ್‌ನ ಸರಪಳಿಯೊಂದರ ತೂಕ 28,000, ಅದರ ತುಣುಕಿನ ತೂಕ 28 ಎಂದಾದರೆ ಕೊಂಡಿಗಳು 1000, ಮುಗಿಯಿತು. ಆದರೆ ಸಣ್ಣ ಸರಪಳಿಗಳಲ್ಲಿ ತುದಿಯನ್ನು ಮರೆತರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಡೈಎಥಿಲೀನ್ ಗ್ಲೈಕಾಲ್‌ನ 106ನ್ನು ನೇರವಾಗಿ 44ರಿಂದ ಭಾಗಿಸಿದರೆ 2.4 ಬರುತ್ತದೆ, ಎರಡೂ ಕಾಲು ಚಿಲ್ಲರೆ ಹೂವಿನ ಮಾಲೆ ಇರುವುದಿಲ್ಲವಲ್ಲ.

ಸರಿ, ಉದ್ದ ಬೇರೆ. ಅದರಿಂದ ವಿಷ ಹೇಗೆ ಹೋಯಿತು?

ಇದು ಕೇಳಬೇಕಾದ ಪ್ರಶ್ನೆಯೇ. ವಿಷದ ತುಣುಕುಗಳನ್ನೇ ಪೋಣಿಸಿದ್ದರೆ ಮಾಲೆಯೂ ವಿಷವೇ ಆಗಬೇಕಲ್ಲವೇ?

ಎಥಿಲೀನ್ ಗ್ಲೈಕಾಲ್ ನಮ್ಮ ದೇಹದೊಳಗೆ ಹೋದಾಗ ಏನಾಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಈ ಪುಟ್ಟ ಅಣು ಕರುಳಿನ ಗೋಡೆಯನ್ನು ಸಲೀಸಾಗಿ ದಾಟಿ ರಕ್ತಕ್ಕೆ ಸೇರುತ್ತದೆ. ಅಷ್ಟರಲ್ಲಿ ಆಗುವುದು ಸ್ವಲ್ಪ ಮತ್ತು ಮಾತ್ರ. ಅನಾಹುತ ಶುರುವಾಗುವುದು ಪಿತ್ತಜನಕಾಂಗದಲ್ಲಿ. ಮದ್ಯವನ್ನು ಕರಗಿಸುವ ಕಿಣ್ವವೇ ಈ ಅಣುವಿನ ತುದಿಯನ್ನೂ ಹಿಡಿದು ಹಂತಹಂತವಾಗಿ ಆಮ್ಲಗಳಾಗಿ ಬದಲಾಯಿಸುತ್ತದೆ. ಕೊನೆಗೆ ಆಗುವುದು ಆಕ್ಸಾಲಿಕ್ ಆಮ್ಲ. ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಡೈಎಥಿಲೀನ್ ಗ್ಲೈಕಾಲ್‌ನ ದಾರಿ ಸ್ವಲ್ಪ ಬೇರೆ. ಅದು ಒಡೆದು ಎಥಿಲೀನ್ ಗ್ಲೈಕಾಲ್ ಆಗುವುದಿಲ್ಲ. ಎರಡು ಕೊಂಡಿಯ ಅಣುವೇ ತುದಿಯಲ್ಲಿ ಬದಲಾಗಿ ಡೈಗ್ಲೈಕಾಲಿಕ್ ಆಮ್ಲ ಎಂಬುದಾಗುತ್ತದೆ, ಅದು ಮೂತ್ರಪಿಂಡದ ಜೀವಕೋಶಗಳನ್ನು ಕೊಲ್ಲುತ್ತದೆ. ಮಕ್ಕಳಿಗೆ ಮೂತ್ರ ನಿಂತುಹೋಗುವುದು ಇದರಿಂದ. ಮದ್ಯದ ಕಿಣ್ವವನ್ನು ತಡೆಯುವ ಫೋಮೆಪಿಜೋಲ್ ಎಂಬ ಔಷಧಿ ಮತ್ತು ಡಯಾಲಿಸಿಸ್ ಚಿಕಿತ್ಸೆಯಲ್ಲಿ ಬಳಕೆಯಾಗುತ್ತವೆ. ಇದು ಆಸ್ಪತ್ರೆಯ ಕೆಲಸ, ಮನೆಮದ್ದಿಗೆ ಇಲ್ಲಿ ಜಾಗವಿಲ್ಲ.

ಗಮನಿಸಿ: ಕೆಡುಕಿಗೆ ಎರಡು ಮೆಟ್ಟಿಲು. ಒಂದು, ಅಣು ಕರುಳಿನಿಂದ ರಕ್ತಕ್ಕೆ ಹೋಗಬೇಕು. ಎರಡು, ಅದು ಆಮ್ಲವಾಗಿ ಬದಲಾಗಬೇಕು.

76 ಕೊಂಡಿಗಳ ಸರಪಳಿ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಕರುಳಿಗೆ ಅದು ಬಹಳ ದೊಡ್ಡದು. ಅತಿ ಅಲ್ಪ ಪಾಲು ಬಿಟ್ಟರೆ ಉಳಿದದ್ದೆಲ್ಲ ಹೇಗೆ ಹೋಯಿತೋ ಹಾಗೇ ಮಲದಲ್ಲಿ ಹೊರಬರುತ್ತದೆ. ಹೋಗುವಾಗ ತನ್ನ ಸುತ್ತ ನೀರನ್ನು ಹಿಡಿದುಕೊಂಡು ಹೋಗುತ್ತದೆ, ಮಲ ಮೆತ್ತಗಾಗುತ್ತದೆ. ಅದು ಔಷಧಿ ಆಗಿರುವುದೇ ರಕ್ತಕ್ಕೆ ಸೇರದೆ ಇರುವುದರಿಂದ.

‘ಹೊಟ್ಟೆಯ ಆಮ್ಲದಲ್ಲಿ ಸರಪಳಿ ಒಡೆದು ಬಿಡಿ ಹೂವಾದರೆ?’ ಎಂದು ಕೇಳಬಹುದು. ಅನ್ನದ ಗಂಜಿಯಲ್ಲಿ ಆಗುವುದು ಹಾಗೆಯೇ. ಪಿಷ್ಟ ಗ್ಲೂಕೋಸ್‌ನ ಸರಪಳಿ, ಅದರ ತುಣುಕಿನ ತೂಕ 162. ನಮ್ಮ ಜೊಲ್ಲಿನಲ್ಲೇ ಅದನ್ನು ಕತ್ತರಿಸುವ ಕಿಣ್ವ ಇದೆ, ಅನ್ನ ಅಗಿಯುತ್ತಾ ಹೋದರೆ ಸಿಹಿ ಬರುವುದು ಅದಕ್ಕೇ. ಆದರೆ ಹತ್ತಿಯೂ ಗ್ಲೂಕೋಸ್‌ನದೇ ಸರಪಳಿ. ತುಣುಕಿನ ತೂಕ ಅದೇ 162. ಬನಿಯನ್ ಅಗಿದರೆ ಸಿಹಿ ಬರುತ್ತದೆಯೇ? ಕೊಂಡಿ ಜೋಡಿಸಿದ ರೀತಿ ಬೇರೆ, ಅದನ್ನು ಕತ್ತರಿಸುವ ಕತ್ತರಿ ನಮ್ಮ ಹೊಟ್ಟೆಯಲ್ಲಿಲ್ಲ. ಪೆಗ್ ಕೂಡ ಹೀಗೆಯೇ. ಅದರ ತುಣುಕುಗಳ ನಡುವಿನ ಈಥರ್ ಕೊಂಡಿ ಬಹಳ ಗಟ್ಟಿ. ಜಠರದ ಆಮ್ಲವಾಗಲಿ ನಮ್ಮ ಜೀರ್ಣಕಿಣ್ವಗಳಾಗಲಿ ಅದನ್ನು ಕತ್ತರಿಸಿ ಎಥಿಲೀನ್ ಗ್ಲೈಕಾಲ್ ಮಾಡುವುದಿಲ್ಲ. ಹಾಗಾಗಿ ಕೊಂಡಿಗಳ ಸಂಖ್ಯೆ ತಿಳಿದರಷ್ಟೇ ಸಾಲದು, ಕೊಂಡಿ ಯಾವುದು ಎಂಬುದೂ ತಿಳಿದಿರಬೇಕು. ‘ಇದರಿಂದ ಮಾಡಿದ್ದು’ ಎಂಬ ಮಾತಿಗೆ ರಸಾಯನಶಾಸ್ತ್ರದಲ್ಲಿ ಅಷ್ಟೇನೂ ಬೆಲೆ ಇಲ್ಲ.

ಉದ್ದ ಬದಲಾದರೆ ಕಣ್ಣಿಗೆ ಕಾಣುವ ಗುಣವೂ ಬದಲಾಗುತ್ತದೆ. 1 ಮತ್ತು 2 ಕೊಂಡಿಯವು ದ್ರವ. 8–9 ಕೊಂಡಿಯ ಪೆಗ್ 400 ಇನ್ನೂ ದ್ರವವೇ, ಸ್ವಲ್ಪ ಗಟ್ಟಿ. ಸುಮಾರು 34 ಕೊಂಡಿಯ ಪೆಗ್ 1500 ಮೇಣದ ಹಾಗೆ. 76ರದ್ದು ಬಿಳಿ ಪುಡಿ. ಫಾರ್ವರ್ಡ್‌ನ ಫೋಟೋದಲ್ಲೇ ಒಂದು ಕಡೆ ಪುಡಿ, ಇನ್ನೊಂದು ಕಡೆ ದ್ರವ ಇತ್ತಲ್ಲ, ಅಲ್ಲೇ ಸುಳಿವು ಇತ್ತು.

ಆದರೆ 75.7 ಹೂವಿನ ಮಾಲೆ ಎಲ್ಲಿದೆ?

ಸರಪಳಿಯಲ್ಲಿ 75 ಕೊಂಡಿ ಇರಬಹುದು, 76 ಇರಬಹುದು. ಮುಕ್ಕಾಲು ಕೊಂಡಿ ಇರಲಾರದು. 75.7 ಎಂಬುದು ಸರಾಸರಿ. ಪೆಗ್ ತಯಾರಿಸುವಾಗ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಅಣುಗಳು (ಅದರ ತೂಕವೂ 44, ಆ ಅಣುವೇ ನಮ್ಮ ಹೂವು) ಒಂದಾದ ಮೇಲೊಂದು ಬಂದು ಸೇರುತ್ತವೆ. 2024ರಲ್ಲಿ ಮಸಾಲೆ ಪುಡಿಗಳ ಸುದ್ದಿಯಲ್ಲಿ ಕೇಳಿದ ಎಥಿಲೀನ್ ಆಕ್ಸೈಡ್ ಇದೇ. ಕೆಲವು ಸರಪಳಿಗೆ ಹೆಚ್ಚು ಸೇರುತ್ತವೆ, ಕೆಲವಕ್ಕೆ ಕಡಿಮೆ. ಹೂವು ಮಾರುವವರ ಬುಟ್ಟಿಯಲ್ಲಿ ಎಲ್ಲ ಮಾಲೆಯೂ ಒಂದೇ ಅಳತೆ ಇರುವುದಿಲ್ಲ, ಹಾಗೆ.

ಸರಾಸರಿಯನ್ನು ಎರಡು ರೀತಿ ತೆಗೆಯಬಹುದು. ಬುಟ್ಟಿಯಲ್ಲಿ 20 ಹೂವಿನ 5 ಮಾಲೆ, 100 ಹೂವಿನ 5 ಮಾಲೆ ಇವೆ ಎನ್ನಿ. ಒಟ್ಟು 600 ಹೂವು, 10 ಮಾಲೆ. ಮಾಲೆಗೆ ಸರಾಸರಿ 60. ಇದು ಸಂಖ್ಯಾ ಸರಾಸರಿ. ಈಗ ಮಾಲೆಯ ಬದಲು ಕಣ್ಣು ಮುಚ್ಚಿ ಒಂದು ಹೂವನ್ನು ಹಿಡಿಯಿರಿ, ಅದು ಎಷ್ಟು ಉದ್ದದ ಮಾಲೆಯದು ಎಂದು ಕೇಳಿ. 600ರಲ್ಲಿ 500 ಹೂವು ಉದ್ದದ ಮಾಲೆಗಳಲ್ಲೇ ಇವೆ. ಹೀಗೆ ಲೆಕ್ಕ ಹಾಕಿದರೆ (100 × 20 + 500 × 100) ÷ 600 = 86.7. ಇದು ತೂಕದ ಸರಾಸರಿ. ಬುಟ್ಟಿ ಅದೇ, ಉತ್ತರ ಎರಡು. ಎರಡೂ ಸರಿ. ಮಾಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ಎರಡೂ ಸಂಖ್ಯೆ ಹತ್ತಿರ ಬರುತ್ತವೆ, ಪೆಗ್ ಅಂಥದ್ದು.

ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ಅಣುಗಳನ್ನು ಎಣಿಸುವುದು ಹೇಗೆ? ಇದರಲ್ಲಿ ಒಂದು ಜಾಣತನವಿದೆ. ಮಾಲೆ ಎಷ್ಟೇ ಉದ್ದ ಇರಲಿ, ಅದಕ್ಕೆ ತುದಿ ಎರಡೇ. ಬುಟ್ಟಿಯಲ್ಲಿ ಹೊರಗೆ ಕಾಣುವ ದಾರದ ತುದಿಗಳನ್ನೆಲ್ಲ ಎಣಿಸಿ ಎರಡರಿಂದ ಭಾಗಿಸಿದರೆ ಮಾಲೆಗಳ ಸಂಖ್ಯೆ ಸಿಕ್ಕಿತು. ಪೆಗ್‌ನ ತುದಿಗಳಿಗೆ ಅಂಟಿಕೊಳ್ಳುವ ರಾಸಾಯನಿಕವೊಂದನ್ನು ಹಾಕಿ, ಎಷ್ಟು ಖರ್ಚಾಯಿತು ಎಂದು ಪಿಯುಸಿ ಲ್ಯಾಬ್‌ನಲ್ಲಿ ಮಾಡಿದ ಟೈಟ್ರೇಶನ್‌ನಂತೆಯೇ ಅಳೆಯುತ್ತಾರೆ. 10 ಗ್ರಾಂ ಪುಡಿಯಲ್ಲಿ 0.00597 ಮೋಲ್ ತುದಿಗಳು ಸಿಕ್ಕಿದವು ಎನ್ನಿ. ಅರ್ಧ ಮಾಡಿದರೆ 0.002985 ಮೋಲ್ ಸರಪಳಿಗಳು. 10 ÷ 0.002985 = 3350. ಪ್ಯಾಕೆಟ್ ಮೇಲಿನ ಸಂಖ್ಯೆ ಸರಿಯಾಗಿದೆ ಎಂದಾಯಿತು.

ಈ ಲೆಕ್ಕದಲ್ಲೇ ಕಲಬೆರಕೆಯೂ ಸಿಕ್ಕಿಬೀಳುತ್ತದೆಯೇ ಎಂದು ನಾವು ಮಾಡಿ ನೋಡಿದೆವು. ನೂರು ಗ್ರಾಂ ಪೆಗ್ 3350ರಲ್ಲಿ 1 ಗ್ರಾಂ ತೆಗೆದು ಆ ಜಾಗಕ್ಕೆ ಡೈಎಥಿಲೀನ್ ಗ್ಲೈಕಾಲ್ ಹಾಕಿದ್ದಾರೆ ಎಂದುಕೊಳ್ಳಿ. 99 ÷ 3350 = 0.02955 ಮೋಲ್ ದೊಡ್ಡ ಸರಪಳಿ. 1 ÷ 106 = 0.00943 ಮೋಲ್ ಪುಟಾಣಿಗಳು. ತೂಕದಲ್ಲಿ ನೂರರಲ್ಲಿ ಒಂದು ಪಾಲು, ಎಣಿಕೆಯಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು! ಒಟ್ಟು 0.03899 ಮೋಲ್. ಸರಾಸರಿ ತೂಕ 100 ÷ 0.03899 = 2565. ಕೊಂಡಿಗಳ ಸರಾಸರಿ 76ರಿಂದ 58ಕ್ಕೆ ಇಳಿಯಿತು. ಈ ದರ್ಜೆಯ ಪೆಗ್‌ಗೆ ಹೆಸರಿನ ಸಂಖ್ಯೆಗಿಂತ 10% ಆಚೀಚೆ ಇದ್ದರೆ ಒಪ್ಪುತ್ತಾರೆ, ಅಂದರೆ 3015ರಿಂದ 3685. 2565 ಬಂದ ಡ್ರಮ್ ಗೇಟಿನಿಂದಲೇ ವಾಪಸ್.

ಆದರೆ ಬೆರಕೆ 0.1% ಮಾತ್ರ ಇದ್ದರೆ? ಅದೇ ರೀತಿ ಮಾಡಿದರೆ ಸರಾಸರಿ 3250 ಬರುತ್ತದೆ. ಪರೀಕ್ಷೆಯಲ್ಲಿ ಪಾಸ್. ಅದಕ್ಕೇ ಸರಾಸರಿಯೊಂದನ್ನೇ ನಂಬುವುದಿಲ್ಲ. ಗ್ಯಾಸ್ ಕ್ರೊಮೆಟೊಗ್ರಫಿ ಎಂಬ ವಿಧಾನದಲ್ಲಿ ಒಂದು ಕೊಂಡಿಯ, ಎರಡು ಕೊಂಡಿಯ ಅಣುಗಳನ್ನು ಬೇರ್ಪಡಿಸಿ ಅಳೆಯಬಹುದು. ಛಿಂದ್ವಾಡಾದ ಸಿರಪ್‌ನಲ್ಲಿ ಇದ್ದದ್ದು 48.6%. ಅಷ್ಟನ್ನು ಹಿಡಿಯಲು ಯಾವ ಸೂಕ್ಷ್ಮ ಉಪಕರಣವೂ ಬೇಡವಿತ್ತು, ಪರೀಕ್ಷೆ ಮಾಡಿದ್ದರೆ ಸಾಕಿತ್ತು. ನಮ್ಮ ಸಿಟ್ಟು ತಿರುಗಬೇಕಾದದ್ದು ಈ ಕಡೆಗೆ, ಪುಡಿಯ ಪ್ಯಾಕೆಟ್ ಕಡೆಗಲ್ಲ.

ಹಾಗಾದರೆ ಪುಡಿಯಲ್ಲಿ ಪುಟಾಣಿಗಳು ಸ್ವಲ್ಪವೂ ಇಲ್ಲವೇ?

ಇಲ್ಲ ಎಂದು ಹೇಳಿ ಮುಗಿಸಿದರೆ ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಸರಪಳಿ ಬೆಳೆಸುವ ಪ್ರಕ್ರಿಯೆಯಲ್ಲಿ ಬೆಳೆಯದೆ ಉಳಿದ ಒಂದೆರಡು ಕೊಂಡಿಯ ಅಣುಗಳು ತೀರ ಅಲ್ಪ ಪ್ರಮಾಣದಲ್ಲಿ ಇರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಪೆಗ್ 3350 ಪುಡಿಯ 8 ಬ್ಯಾಚ್‌ಗಳನ್ನು ಪರೀಕ್ಷಿಸಿದಾಗ ಇವುಗಳ ಲೇಶ ಕಂಡುಬಂದಿತ್ತು. ಅಲ್ಲಿಯ ಪೋಷಕರು ಪ್ರಶ್ನೆ ಎತ್ತಿದರು. ಮಕ್ಕಳಲ್ಲಿ ಇದನ್ನು ಅಧ್ಯಯನ ಮಾಡಲು 2014ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ ಎಫ್‌ಡಿಎ ಹಣ ಕೊಟ್ಟಿತು. 2018ರಲ್ಲಿ ಪ್ರಕಟವಾದ ಬೇರೊಂದು ಸಣ್ಣ ಅಧ್ಯಯನದಲ್ಲಿ, ದಿನಾ ಪೆಗ್ 3350 ತೆಗೆದುಕೊಳ್ಳುತ್ತಿದ್ದ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. ಡೋಸ್ ಕೊಟ್ಟ ಮೇಲೆ ಎಥಿಲೀನ್ ಗ್ಲೈಕಾಲ್ ಸ್ವಲ್ಪ ಏರಿದರೂ ವಿಷದ ಮಟ್ಟಕ್ಕಿಂತ ಬಹಳ ಕೆಳಗೇ ಇತ್ತು, ಪುಡಿ ತೆಗೆದುಕೊಳ್ಳದ ಮಕ್ಕಳಿಗೆ ಹೋಲಿಸಿದರೆ ಏರಿಕೆ ಉಳಿದುಕೊಳ್ಳಲೂ ಇಲ್ಲ.

ಲೇಶ ಎಂದರೆ ಎಷ್ಟು ಎಂದು ಒಂದು ಅಂದಾಜು ಮಾಡೋಣ. ದೊಡ್ಡವರ ದಿನದ ಡೋಸ್ 17 ಗ್ರಾಂ ಪುಡಿ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ 0.1% ಇದೆ ಎಂದೇ ಇಟ್ಟುಕೊಂಡರೂ 17 ಮಿಲಿಗ್ರಾಂ. ಛಿಂದ್ವಾಡಾದ ಆ ಬ್ಯಾಚ್‌ನ 5 ಎಂಎಲ್ ಸಿರಪ್‌ನಲ್ಲಿ, ಒಂದೇ ಚಮಚದಲ್ಲಿ, ಇದ್ದದ್ದು ಸುಮಾರು 2430 ಮಿಲಿಗ್ರಾಂ. 140 ಪಟ್ಟಿಗೂ ಹೆಚ್ಚು. ಅದೂ ಪುಟ್ಟ ಮಗುವಿಗೆ, ದಿನಕ್ಕೆ ಹಲವು ಸಲ.

ಪೆಗ್ ಎಂದರೆ ನೀರಿನಷ್ಟು ನಿರುಪದ್ರವಿ ಎಂದೂ ನಾವು ಹೇಳುತ್ತಿಲ್ಲ. ಹೊಟ್ಟೆ ಉಬ್ಬರ, ಭೇದಿ ಆಗಬಹುದು. ತೀರ ಅಪರೂಪಕ್ಕೆ ಕೆಲವರಿಗೆ ಪೆಗ್‌ಗೆ ಅಲರ್ಜಿ ಇರುತ್ತದೆ. ಅಂಥವರು ಮಾತ್ರೆ, ಇಂಜೆಕ್ಷನ್, ಲಸಿಕೆ ಯಾವುದೇ ಇರಲಿ ವೈದ್ಯರಿಗೆ ಮೊದಲೇ ಹೇಳಬೇಕು. ಕೊಲೊನೋಸ್ಕೋಪಿಗೆ ಮೊದಲು 100 ಗ್ರಾಂಗೂ ಮಿಕ್ಕಿ ಪೆಗ್ ಅನ್ನು ಎರಡು ಲೀಟರ್ ನೀರಿನಲ್ಲಿ ಲವಣಗಳ ಜೊತೆ ಕುಡಿಯುವಾಗ ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಮಾತಿನಂತೆಯೇ ನಡೆಯಬೇಕು. ರುಚಿಯಂತೂ ಯಾರಿಗೂ ಹಿಡಿಸುವುದಿಲ್ಲ. ಆದರೆ ‘ವಿಷ’ ಎಂದು ಅರ್ಧ ಕುಡಿದು ಬಿಟ್ಟರೆ ಕರುಳು ಸ್ವಚ್ಛವಾಗದೆ ಒಳಗಿನ ಗಂಟು ಕ್ಯಾಮೆರಾಗೆ ಕಾಣದೇ ಹೋಗಬಹುದು. ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕಾದೀತು.

ಮನೆಯಲ್ಲಿ ಈಗ ಏನು ಮಾಡಬೇಕು

ಮಗುವಿಗೆ ಮಲಬದ್ಧತೆಯ ಪುಡಿ ನಡೆಯುತ್ತಿದ್ದರೆ ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ. ಅನುಮಾನವಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಹಠಾತ್ತನೆ ನಿಲ್ಲಿಸಿದರೆ ಗಟ್ಟಿ ಮಲ ಕಟ್ಟಿಕೊಂಡು, ನೋವಿಗೆ ಹೆದರಿ ಮಗು ಇನ್ನಷ್ಟು ತಡೆದುಕೊಂಡು, ತಿಂಗಳುಗಟ್ಟಲೆ ಮಾಡಿದ ಚಿಕಿತ್ಸೆ ಮೊದಲಿಗೇ ಬಂದು ನಿಲ್ಲುತ್ತದೆ.

ಎಚ್ಚರ ಬೇಕಾದದ್ದು ಕೆಮ್ಮು, ನೆಗಡಿಯ ಸಿರಪ್‌ಗಳಲ್ಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅವನ್ನು ಬರೆಯಲೂಬಾರದು, ಕೊಡಲೂಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲೇ ಹೇಳಿದೆ. ಮಕ್ಕಳ ಕೆಮ್ಮು ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಹಳೆಯ ಚೀಟಿ ತೋರಿಸಿ, ಅಥವಾ ಪಕ್ಕದ ಮನೆಯವರು ಹೇಳಿದರೆಂದು ಸಿರಪ್ ತರಬೇಡಿ. ತಂದರೆ ಬಿಲ್ ಇಟ್ಟುಕೊಳ್ಳಿ, ಬ್ಯಾಚ್ ನಂಬರ್‌ನ ಫೋಟೋ ತೆಗೆದಿಡಿ, ಕೋರ್ಸ್ ಮುಗಿಯುವವರೆಗೆ ಬಾಟಲಿ ಎಸೆಯಬೇಡಿ. ಯಾವುದಾದರೂ ಬ್ಯಾಚ್ ಬಗ್ಗೆ ಸರ್ಕಾರದ ಎಚ್ಚರಿಕೆ ಬಂದರೆ ಹೋಲಿಸಿ ನೋಡಲು ಬೇಕಾಗುವುದು ಆ ನಂಬರೇ, ಬ್ರ್ಯಾಂಡ್ ಹೆಸರೊಂದೇ ಸಾಲದು.

ಸಿರಪ್ ಕುಡಿದ ಮಗು ಪದೇ ಪದೇ ವಾಂತಿ ಮಾಡುತ್ತಿದ್ದರೆ, ಮಂಕಾಗಿ ಮಲಗಿಯೇ ಇದ್ದರೆ, ಮುಖ್ಯವಾಗಿ ಮೂತ್ರ ಕಡಿಮೆಯಾದರೆ ಅಥವಾ ನಿಂತರೆ ಬೆಳಗಾಗುವವರೆಗೆ ಕಾಯಬೇಡಿ. ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಔಷಧಿಯಿಂದ ತೊಂದರೆಯಾಗಿದೆ ಎನಿಸಿದರೆ ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಸಾಮಾನ್ಯ ಜನರೂ ದೂರು ಕೊಡಬಹುದು.

ಇನ್ನು ಆ ಮೆಸೇಜ್ ಕಳುಹಿಸಿದ ಅತ್ತೆಯೋ ಚಿಕ್ಕಪ್ಪನೋ ಇದ್ದಾರಲ್ಲ, ಅವರಿಗೆ ಇಡೀ ಲೇಖನ ಕಳುಹಿಸಿದರೆ ಓದುತ್ತಾರೋ ಇಲ್ಲವೋ. ಪ್ಯಾಕೆಟ್ ಮೇಲಿನ ಸಂಖ್ಯೆಯಿಂದ 18 ಕಳೆದು 44ರಿಂದ ಭಾಗಿಸಿ ನೋಡಿ ಎನ್ನಿ. 1 ಅಥವಾ 2 ಬಂದರೆ ಕಾರಿಗೆ. 76 ಬಂದರೆ, ವೈದ್ಯರು ಬರೆದಿದ್ದರೆ, ಹೊಟ್ಟೆಗೆ.